ದೊಡ್ಡ ಅನಾಹುತ ಆದಾಗ ನರ್ಸ್ ಕೆಲಸ ಡಾಕ್ಟರ್ ಹೇಳಿದ್ದು ಮಾಡುವುದಷ್ಟೇನಾ?

ನೀವು ಕೊಪ್ಪಳದಲ್ಲಿ ಜಿ.ಎನ್.ಎಂ. ನರ್ಸಿಂಗ್ ಕೋರ್ಸ್ ಓದುತ್ತಿದ್ದೀರಿ, ಎಮರ್ಜೆನ್ಸಿಗೆ ಹೋಗುವ ಆಸೆ ಇದೆ ಅಂತ ಬರೆದಿದ್ದೀರಿ. ಬಹಳ ಖುಷಿಯಾಯಿತು. ನಾನು ರಾಯಚೂರಿನಲ್ಲಿ ಕ್ಯಾಜುವಾಲ್ಟಿ ಸ್ಟಾಫ್ ನರ್ಸ್. ಡಾಕ್ಟರ್ ಹೇಳಿದ್ದು ಮಾಡುತ್ತೇವೆ, ನಿಜ. ಆದರೆ ಅವರು ಯಾರನ್ನು ಮೊದಲು ನೋಡಬೇಕು ಅನ್ನುವುದನ್ನು ಬಾಗಿಲಲ್ಲಿ ನಿಂತು ವಿಂಗಡಿಸುವುದು ಎಷ್ಟೋ ಸಲ ನಾವೇ. ಅದಕ್ಕೆ ಟ್ರಯಾಜ್ ಅನ್ನುತ್ತಾರೆ.

ಬಸ್ ಪಲ್ಟಿಯಾಗಿ ಒಟ್ಟಿಗೇ ಮೂವತ್ತು ಜನ ಬಂದರು ಅಂದುಕೊಳ್ಳಿ. ಕೂಗಾಡುವವರ ಕಡೆಗೇ ಎಲ್ಲರೂ ಓಡುತ್ತಾರೆ. ಆದರೆ ಕೂಗುವಷ್ಟು ಉಸಿರು ಅವರಿಗಿದೆ, ಅಲ್ವಾ? ಸದ್ದಿಲ್ಲದೆ ಮಲಗಿದವರ ಹತ್ತಿರ ಮೊದಲು ಹೋಗಿ. ನಡೆದು ಬರುವವರಿಗೆಲ್ಲ ಕೈಗೆ ಹಸಿರು ಪಟ್ಟಿ ಕಟ್ಟಿ, ಅಂದರೆ ಅವರು ಕಾಯಬಹುದು. ಉಳಿದವರಲ್ಲಿ ಉಸಿರಾಟ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಇಲ್ಲವೇ 'ಕೈ ಹಿಡಿ' ಅಂದರೆ ಹಿಡಿಯಲು ಆಗದಿದ್ದರೆ ಕೆಂಪು, ಅಂದರೆ ತಕ್ಷಣ ನೋಡಬೇಕು. ಮೂರೂ ಸರಿಯಿದ್ದರೆ ಹಳದಿ, ಕೆಂಪಿನವರ ನಂತರ. ಉಸಿರಿನ ದಾರಿ ಬಿಡಿಸಿದ ಮೇಲೂ ಉಸಿರಾಡದವರಿಗೆ ಕಪ್ಪು, ಅಂದರೆ ಉಳಿಯುವ ಆಸೆ ಇಲ್ಲ. ಮನೆಯವರ ಕಣ್ಣೆದುರೇ ಆ ಕಪ್ಪು ಪಟ್ಟಿ ಕಟ್ಟುವುದು ತುಂಬಾ ಸಂಕಟದ ಕೆಲಸ. ಆದರೂ ಕಟ್ಟಲೇಬೇಕು. ಪಕ್ಕದಲ್ಲಿರುವ ಕೆಂಪು ಪಟ್ಟಿಯವರಿಗೆ ಆ ಹೊತ್ತು ಬೇಕು. ಒಮ್ಮೆ ಕಟ್ಟಿ ಬಿಡುವುದೂ ಅಲ್ಲ, ತಿರುಗಿ ತಿರುಗಿ ನೋಡಬೇಕು. ಹಳದಿಯವರು ನೋಡನೋಡುತ್ತಲೇ ಕೆಂಪಿಗೆ ಬರಬಹುದು.

ತಯಾರಿಯಂತೂ ಪೂರ್ತಿ ನಮ್ಮದೇ ಅನ್ನಬಹುದು. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ನೀರು ಬಿಡುತ್ತಾರೆ ಅಂತ ಗೊತ್ತಾದ ದಿನವೇ ಹಾವಿನ ವಿಷದ ಔಷಧಿ ಎಷ್ಟಿದೆ ನೋಡಬೇಕು. ನೀರು ಏರಿದರೆ ಹಾವು ಮನೆಗೆ ಬರುತ್ತವೆ. ವಿಷ ಏರಿದ ಒಬ್ಬರಿಗೇ ಶುರುವಿಗೆ 10 ವಯಲ್ (ಔಷಧಿಯ ಪುಟ್ಟ ಬಾಟಲಿ) ಹೋಗುತ್ತದೆ. ಓ.ಆರ್.ಎಸ್., ಡ್ರಿಪ್, ಆಕ್ಸಿಜನ್, ಜನರೇಟರಿಗೆ ಡೀಸೆಲ್ ಎಲ್ಲ ಆಗಲೇ ನೋಡಬೇಕು. ಲಿಂಗಸುಗೂರು, ದೇವದುರ್ಗದ ಕಡೆ ಸೇತುವೆ ಮುಳುಗುವ ಮೊದಲೇ ದಿನ ತುಂಬಿದ ಗರ್ಭಿಣಿಯರನ್ನು, ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಈಚೆ ದಡಕ್ಕೆ ಕರೆಸಬೇಕು. ಇಂಥವರು ಯಾವ ಮನೆಯಲ್ಲಿದ್ದಾರೆ ಅನ್ನುವುದು ಆಶಾ ಅಕ್ಕಂದಿರಿಗೆ ಚೆನ್ನಾಗಿ ಗೊತ್ತು. ಅವರ ನಂಬರ್ ನಿಮ್ಮ ಹತ್ತಿರ ಇರಲಿ.

ಎಲ್ಲದಕ್ಕೂ ಮುನ್ಸೂಚನೆ ಸಿಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಯಿತು, ಗೇಟೇ ಕೊಚ್ಚಿಹೋಯಿತು. ಅಂಥ ರಾತ್ರಿ ಪಾಳಿಯಲ್ಲಿ ಇದ್ದವರೇ ಶುರುಮಾಡಬೇಕು.

ಬಿಸಿಲನ್ನೂ ಮರೆಯಬೇಡಿ. ನಮ್ಮ ಕಡೆ ಮೇ ತಿಂಗಳಲ್ಲಿ ಮೈ ಸುಡುತ್ತಾ, ತಡಬಡ ಮಾತಾಡುತ್ತಾ ಬಂದವರಿಗೆ ಮೊದಲು ಮೈಗೆ ತಣ್ಣೀರು, ಐಸ್. ಕೇಸ್ ಶೀಟ್ ಆಮೇಲೆ.

ಮುಂದಿನ ಪೋಸ್ಟಿಂಗ್‌ನಲ್ಲಿ ಸೀನಿಯರ್ ಸಿಸ್ಟರ್ ಹತ್ತಿರ ಎರಡು ವಿಷಯ ಕೇಳಿ: ಟ್ರಯಾಜ್ ಪಟ್ಟಿಗಳು ಯಾವ ಕಪಾಟಿನಲ್ಲಿವೆ, ರಾತ್ರಿ ಅದರ ಕೀಲಿ ಯಾರ ಹತ್ತಿರ ಇರುತ್ತದೆ.