ಬಿಡಬೇಡಿ, ಅರ್ಜಿ ಹಾಕಿ

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮೂರನೇ ತರಗತಿಗೆ ಪಾಠ ಮಾಡ್ತೀರಿ. ತಮ್ಮ ತರಗತಿಯಲ್ಲೇ ಓದು-ಬರಹದ ಬಗ್ಗೆ ಸಂಶೋಧನೆ ಮಾಡುವ ಶಿಕ್ಷಕರಿಗೆ ಸಣ್ಣ ಅನುದಾನ ಕೊಡುತ್ತಾರೆ ಅಂತ ಗೊತ್ತಾಗಿ ಅರ್ಜಿ ಹಾಕುವ ಆಸೆ ಹುಟ್ಟಿದೆ. ಆದರೆ 'ನಾನು ಪಿಎಚ್‌ಡಿ ಮಾಡಿದವಳಲ್ಲ, ಇಷ್ಟು ಕಡಿಮೆ ದುಡ್ಡಲ್ಲಿ ಎಂಥ ಸಂಶೋಧನೆ ಆದೀತು, ಸುಮ್ನೆ ಬಿಟ್ಟುಬಿಡಲಾ?' ಅಂತ ಕೇಳಿದ್ದೀರಿ. ಬಿಡಬೇಡಿ, ಮೇಡಂ.

ಶಿಕ್ಷಕರೇ ಸಂಶೋಧನೆ ಮಾಡಬೇಕು ಅನ್ನೋದು ಹೊಸ ಮಾತಲ್ಲ. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ಕ್ರಿಯಾ ಸಂಶೋಧನೆಯ ಬಗ್ಗೆ, ಅಂದ್ರೆ ಕೆಲಸ ಮಾಡ್ತಾ ಮಾಡ್ತಾ ಅದನ್ನೇ ಪರೀಕ್ಷಿಸಿ ತಿದ್ದಿಕೊಳ್ಳುವ ಸಂಶೋಧನೆಯ ಬಗ್ಗೆ, ಬರೆದರು. ಇಂಗ್ಲೆಂಡಿನ ಶಿಕ್ಷಣತಜ್ಞ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಶಿಕ್ಷಕರನ್ನೇ ಸಂಶೋಧಕರು ಅಂತ ಕರೆದರು. ಓದು-ಬರಹ ಕಲಿಸುವವರ ಸಂಘಟನೆಯಾದ ಇಂಟರ್‌ನ್ಯಾಷನಲ್ ಲಿಟರಸಿ ಅಸೋಸಿಯೇಷನ್ 'ಟೀಚರ್ ಆಸ್ ರಿಸರ್ಚರ್' (ಸಂಶೋಧಕರಾಗಿ ಶಿಕ್ಷಕರು) ಅನ್ನೋ ಹೆಸರಲ್ಲೇ ಅನುದಾನ ಕೊಟ್ಟಿದೆ. ಡಿಗ್ರಿಯ ಚಿಂತೆ ಬಿಡಿ.

ನನಗೆ ಚಿಂತೆ ಇರೋದು ನಿಮ್ಮ ಪ್ರಶ್ನೆಯ ಬಗ್ಗೆ. 'ಮಕ್ಕಳಲ್ಲಿ ಓದುವ ಆಸಕ್ತಿ ಬೆಳೆಸುವುದು ಹೇಗೆ' ಅಂತ ಬರೆದಿದ್ದೀರಿ. ಅದು ಒಬ್ಬ ಶಿಕ್ಷಕಿಯ ಒಂದು ವರ್ಷದಲ್ಲಿ ಮುಗಿಯುವ ಪ್ರಶ್ನೆ ಅಲ್ಲ. ಆದರೆ ಪತ್ರದ ಕೊನೆಯಲ್ಲಿ, ಸಹಿ ಹಾಕುವ ಮುಂಚೆ, ಒಂದು ಸಾಲು ಬರೆದಿದ್ದೀರಿ ನೋಡಿ: 'ಒಬ್ಬ ಹುಡುಗ ಪಟಪಟ ಓದ್ತಾನೆ, ಏನು ಓದಿದೆ ಅಂದ್ರೆ ಸುಮ್ಮನೆ ನಿಂತುಬಿಡ್ತಾನೆ.' ನಿಮ್ಮ ಸಂಶೋಧನೆ ಅಲ್ಲೇ ಇದೆ! ಒಂದೊಂದು ಪ್ಯಾರಾ ಆದಮೇಲೂ ಪುಸ್ತಕ ಮುಚ್ಚಿ ಪಕ್ಕದವರಿಗೆ ಸ್ವಂತ ಮಾತಲ್ಲಿ ಹೇಳಿಸಿದರೆ, ಎಂಟು ವಾರದಲ್ಲಿ ಇಂಥ ಮಕ್ಕಳು ಜಾಸ್ತಿ ಹೇಳ್ತಾರಾ? ಅರ್ಜಿಗೆ ಇಷ್ಟು ಸಾಕು.

ಇದನ್ನು ಅಳೆಯೋದು ಹೇಗೆ? ಮಕ್ಕಳ ಓದಿನ ಬಗ್ಗೆ ಅಧ್ಯಯನ ಮಾಡಿದ ನ್ಯೂಜಿಲೆಂಡಿನ ಮೇರಿ ಕ್ಲೇ ರೂಪಿಸಿದ ರನ್ನಿಂಗ್ ರೆಕಾರ್ಡ್ ಕ್ರಮ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಮಗು ಗಟ್ಟಿಯಾಗಿ ಓದುತ್ತೆ. ಸರಿ ಓದಿದ ಪ್ರತಿ ಪದಕ್ಕೂ ನೀವು ಒಂದು ಟಿಕ್ ಹಾಕ್ತೀರಿ, ತಪ್ಪಿದ ಕಡೆ ಅದು ಏನು ಓದಿತು ಅಂತ ಬರೆದುಕೊಳ್ತೀರಿ. 100 ಪದದಲ್ಲಿ 95 ಅಥವಾ ಜಾಸ್ತಿ ಸರಿಯಾದರೆ ಆ ಪಠ್ಯ ಮಗುವಿಗೆ ಸುಲಭ, 90ಕ್ಕಿಂತ ಕಡಿಮೆಯಾದರೆ ಕಷ್ಟ. ಆದರೆ ಲೆಕ್ಕಕ್ಕಿಂತ ಆ ತಪ್ಪುಗಳನ್ನು ನೋಡಿ. 'ಹಕ್ಕಿ ಮರದ ಮೇಲೆ ಗೂಡು ಕಟ್ಟಿತು' ಅನ್ನೋದನ್ನು ಒಂದು ಮಗು 'ಮನೆಯ ಮೇಲೆ' ಅಂತ ಓದಿ, ಮುಂದಿನ ಸಾಲಲ್ಲಿ ಕೊಂಬೆ ಬಂದ ತಕ್ಷಣ ತಡವರಿಸಿ, ಹಿಂದೆ ಹೋಗಿ 'ಮರದ' ಅಂತ ತಿದ್ದಿಕೊಂಡಿತು ಅಂದುಕೊಳ್ಳಿ. ತಾನೇ ತಿದ್ದಿಕೊಂಡದ್ದು ಈ ಕ್ರಮದಲ್ಲಿ ತಪ್ಪು ಅಂತ ಲೆಕ್ಕವಿಲ್ಲ. ಆ ಮಗು ಅರ್ಥ ಹುಡುಕ್ತಾ ಓದ್ತಿದೆ, ಅಲ್ವಾ? ನಿಮ್ಮ ಹುಡುಗ 98 ಪದ ಸರಿ ಓದಬಹುದು, ಒಂದು ಸಲವೂ ಹಿಂದೆ ತಿರುಗದೇ ಇರಬಹುದು. ಅದಕ್ಕೇ ಈ ಹಾಳೆಯ ಜೊತೆಗೆ, ಓದಿದ ಮೇಲೆ ಅವನು ಹೇಳಿದ್ದನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಪ್ರಯೋಗ ಶುರು ಮಾಡುವ ಮೊದಲೇ ಒಂದು ಸಲ ರೆಕಾರ್ಡ್ ಮಾಡಿಕೊಳ್ಳಲೇಬೇಕು. ಇದನ್ನು ಮರೆತರೆ ಆಮೇಲೆ ಹೋಲಿಸೋಕೆ ಏನೂ ಇರಲ್ಲ. ಕೊನೆಯಲ್ಲಿ ಅದೇ ಪಾಠ ಬೇಡ, ಅಷ್ಟೇ ಕಷ್ಟದ ಬೇರೆ ಪಾಠ ಕೊಡಿ, ಇಲ್ಲದಿದ್ದರೆ ನೆನಪನ್ನೇ ಅಳೆದ ಹಾಗಾಗುತ್ತೆ. ಎರಡು ತಿಂಗಳಲ್ಲಿ ಮಕ್ಕಳು ಹೇಗೂ ಸ್ವಲ್ಪ ಬೆಳೆದಿರ್ತಾರೆ, ಹಾಗಾಗಿ ಅರ್ಧ ಮಕ್ಕಳಿಗೆ ಈಗ, ಉಳಿದವರಿಗೆ ಎಂಟು ವಾರದ ನಂತರ ಶುರು ಮಾಡಿದರೆ ಹೋಲಿಕೆಗೂ ಆಯಿತು, ಯಾವ ಮಗುವಿಗೂ ತಪ್ಪಿದ ಹಾಗಾಗಲಿಲ್ಲ. ರೆಕಾರ್ಡಿಂಗ್‌ಗಳನ್ನು ಸಹೋದ್ಯೋಗಿಯೊಬ್ಬರಿಗೆ ಕೇಳಿಸಿ ಅಂಕ ಹಾಕಿಸಿ. ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಮಾತ್ರ ಹೇಳಬೇಡಿ. ನಮ್ಮ ಮಕ್ಕಳು ಅಂದ್ರೆ ನಮ್ಮ ಕಿವಿಗೆ ಎಲ್ಲವೂ ಚೆನ್ನಾಗೇ ಕೇಳಿಸುತ್ತೆ.

ಇನ್ನು ದುಡ್ಡು. ಸಣ್ಣ ಅನುದಾನದಲ್ಲಿ ಟ್ಯಾಬ್, ಪ್ರೊಜೆಕ್ಟರ್ ಅಂತ ಬರೆಯಬೇಡಿ. ನಿಮಗೆ ನಿಜವಾಗಿ ಇಲ್ಲದಿರೋದು ಸಮಯ. ವಾರಕ್ಕೆ ಎರಡು ಪೀರಿಯಡ್ ನಿಮ್ಮ ತರಗತಿ ನೋಡಿಕೊಳ್ಳುವವರಿಗೆ ಸಂಭಾವನೆ ಕೇಳಿ, ಅನುದಾನದ ನಿಯಮ ಒಪ್ಪುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಅಷ್ಟು ಹೊತ್ತು ಒಂದೊಂದೇ ಮಗುವಿನ ಪಕ್ಕ ಕೂತು ಕೇಳಬಹುದು. ಉಳಿದದ್ದು ಪುಸ್ತಕ, ಜೆರಾಕ್ಸ್.

ಪೋಷಕರ ಒಪ್ಪಿಗೆ ಲಿಖಿತವಾಗಿ ತಗೊಳ್ಳಿ, ಮಕ್ಕಳನ್ನೂ ಕೇಳಿ. ಒಲ್ಲೆ ಅಂದ ಮಗುವಿಗೆ ಪಾಠ ಎಂದಿನ ಹಾಗೇ ನಡೀಲಿ, ರೆಕಾರ್ಡಿಂಗ್ ಮಾತ್ರ ಬೇಡ. ವರದಿಯಲ್ಲಿ ಹೆಸರು ಬದಲಿಸಿ.

ಎಂಟು ವಾರ ಕಳೆದರೂ ಏನೂ ವ್ಯತ್ಯಾಸ ಕಾಣಲಿಲ್ಲ ಅಂದ್ರೆ? ಹಾಗೇ ಬರೆಯಿರಿ. ಹಾಗೆ ಬರೆದ ವರದಿಯನ್ನು ನಾನು ಸಂತೋಷದಿಂದ ಅಚ್ಚು ಹಾಕ್ತೀನಿ. ಅದೇ ದಾರಿಯಲ್ಲಿ ಹೊರಟ ಇನ್ನೊಬ್ಬ ಶಿಕ್ಷಕಿಗೆ ಎಂಟು ವಾರ ಉಳಿಯುತ್ತೆ.

ಅರ್ಜಿಯ ಕರಡು ಒಂದೇ ಪುಟದಲ್ಲಿ ಬರೆದು ಕಳಿಸಿ, ಓದಿ ಹೇಳ್ತೀನಿ. ಮೊದಲ ಸಾಲು ಆ ಹುಡುಗನ ಬಗ್ಗೆಯೇ ಇರಲಿ.

ನಿಮ್ಮ,
ಸಂಪಾದಕ