ಎಂಬಿಬಿಎಸ್ ಮುಗಿಸಿ ಸ್ವಂತ ಕ್ಲಿನಿಕ್ ಶುರು ಮಾಡಲು ಕೌನ್ಸಿಲ್ ನೋಂದಣಿ ಒಂದೇ ಸಾಕಾ?

ಸಾಕಾಗುವುದಿಲ್ಲ. ನಿಮ್ಮ ಪ್ರಶ್ನೆ ಇಷ್ಟು: ಎಂಬಿಬಿಎಸ್ ಆಗಿದೆ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಕೈಯಲ್ಲಿದೆ. ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನವರು ಪಕ್ಕದ ರೂಮನ್ನು ಬಾಡಿಗೆ ಇಲ್ಲದೆ ಕೊಡುತ್ತೇವೆ ಅಂದಿದ್ದಾರೆ. ಮುಂದಿನ ತಿಂಗಳೇ ಬೋರ್ಡ್ ಹಾಕಬಹುದಾ? ನಾನೂ ಸಣ್ಣ ಕ್ಲಿನಿಕ್ ನಡೆಸುವವನೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೌನ್ಸಿಲ್ ನೋಂದಣಿ ನಿಮಗೆ ಸಿಕ್ಕಿರುವುದು, ನೀವು ಕೂರುವ ಜಾಗಕ್ಕೆ ಅಲ್ಲ. ಜಾಗಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಬೇರೆ ನೋಂದಣಿ ಬೇಕು. ಎಲ್ಲರೂ ಕೆಪಿಎಂಇ ಅನ್ನುವುದು ಇದನ್ನೇ. ಒಂದು ಟೇಬಲ್, ಎರಡು ಕುರ್ಚಿ ಇರುವ ಕ್ಲಿನಿಕ್ಕಿಗೂ ಇದು ಬೇಕೇ ಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಇದನ್ನು ಕೊಡುತ್ತದೆ. ಓಡಾಟ ಎಲ್ಲ ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ. ಸಿಕ್ಕ ಸರ್ಟಿಫಿಕೇಟನ್ನೂ ನಿಮ್ಮ ದರಪಟ್ಟಿಯನ್ನೂ ರೋಗಿಗೆ ಕಾಣುವ ಹಾಗೆ ಹಾಕಬೇಕು. ಇದಕ್ಕೆ ಐದು ವರ್ಷದ ಅವಧಿ. ಕೌನ್ಸಿಲ್ ನೋಂದಣಿಯನ್ನೂ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಎರಡರ ತಾರೀಖೂ ಬೇರೆ ಬೇರೆ ಬರುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನು ಆ ರೂಮಿನ ವಿಷಯ. ನನಗೆ ಅದು ಸರಿ ಕಾಣುತ್ತಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ನಿಯಮಗಳೇ ಈಗಲೂ ನಡೆಯುತ್ತಿವೆ. 2023ರಲ್ಲಿ ಹೊಸ ನಿಯಮ ಬಂತು, ಆದರೆ ಅದೇ ಆಗಸ್ಟ್‌ನಲ್ಲಿ ಅದನ್ನು ತಡೆಹಿಡಿದರು. 2002ರ ನಿಯಮದ ಪ್ರಕಾರ ಔಷಧಿ ಅಂಗಡಿಯ ಮೇಲೆ ವೈದ್ಯರ ಬೋರ್ಡ್ ಹಾಕುವ ಹಾಗಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಲ್ಯಾಬಿಗೆ ರಕ್ತದ ಮಾದರಿ ಕಳಿಸುವುದಕ್ಕೂ ಇದೇ ಮಾತು. ಬಾಡಿಗೆ ಬೇಡ ಅನ್ನುವವರು ಸುಮ್ನೆ ಹಾಗೆ ಹೇಳುವುದಿಲ್ಲ ಅಲ್ವಾ? ಮೂರು ತಿಂಗಳಾದ ಮೇಲೆ "ಡಾಕ್ಟ್ರೇ, ಈ ಕಂಪನಿಯ ಸಿರಪ್ ಸ್ವಲ್ಪ ಜಾಸ್ತಿ ಬರೀರಿ" ಅನ್ನುತ್ತಾರೆ. ಆಗ ಇಲ್ಲ ಅನ್ನುವುದು ತುಂಬಾ ಕಷ್ಟ. ಅದೇ ರೂಮ್ ಬೇಕಿದ್ದರೆ ಬಾಡಿಗೆ ಕರಾರು ಮಾಡಿಸಿ, ತಿಂಗಳು ತಿಂಗಳು ಬ್ಯಾಂಕ್ ಮೂಲಕ ಕಟ್ಟಿ, ಬಾಗಿಲೂ ಬೋರ್ಡೂ ಬೇರೆ ಇರಲಿ.

ಇದೆಲ್ಲ ಒಂದು ಸಲ ಮಾಡಿ ಮುಗಿಸುವ ಕೆಲಸ. ದಿನಾ ಮಾಡಬೇಕಾದ್ದು ಬರೆದಿಡುವುದು. ಹೊಸಬರು ಇದನ್ನೇ ಹಗುರವಾಗಿ ನೋಡುತ್ತಾರೆ ಅನ್ನುವುದು ನನ್ನ ನಿಜವಾದ ಚಿಂತೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು ಎನ್ನುತ್ತದೆ ಅದೇ 2002ರ ನಿಯಮ. ಹೊರರೋಗಿಗಳದ್ದನ್ನೂ ಅಷ್ಟೇ ಕಾಲ ಇಡಿ ಎನ್ನುವುದು ನನ್ನ ಸಲಹೆ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಔಷಧಿ ಚೀಟಿ, ರಸೀದಿ, ಸರ್ಟಿಫಿಕೇಟ್ ಎಲ್ಲದರ ಮೇಲೂ ನಿಮ್ಮ ನೋಂದಣಿ ಸಂಖ್ಯೆ ಇರಬೇಕು. ರಜೆಗೆಂದು ಕೊಡುವ ಸರ್ಟಿಫಿಕೇಟ್‌ಗೆ ಒಂದು ರಿಜಿಸ್ಟರ್ ಇಡಿ. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಒಂದು ಗುರುತಿನ ಮಚ್ಚೆ ಅದರಲ್ಲಿರಬೇಕು. ಸರ್ಟಿಫಿಕೇಟಿನ ಪ್ರತಿಯೂ ನಿಮ್ಮ ಹತ್ತಿರ ಇರಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಐವತ್ತು ದಾಟಿದವರೊಬ್ಬರು ಎದೆ ಉರಿ ಅಂತ ಬರುತ್ತಾರೆ, ಬೆವರುತ್ತಿದ್ದಾರೆ. ನೀವು ಇಸಿಜಿ ಮಾಡಿಸಿ, ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಅನ್ನುತ್ತೀರಿ. ಅವರು "ಗ್ಯಾಸ್ ಇರ್ಬೇಕು ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಡಿ ಸಾಕು" ಅನ್ನುತ್ತಾರೆ. ಚೀಟಿಯಲ್ಲಿ ಬರೀ ಮಾತ್ರೆಯ ಹೆಸರಿದ್ದರೆ ನೀವು ಹೇಳಿದ ಮಾತಿಗೆ ಸಾಕ್ಷಿ ಎಲ್ಲಿದೆ? ಸಮಯ, ಬಿಪಿ, ನಾಡಿ, "ಹೃದಯದ ತೊಂದರೆ ಇರಬಹುದೆಂದು ತಿಳಿಸಿದೆ, ಹೋಗಲು ಒಪ್ಪಲಿಲ್ಲ" ಎಂದು ಬರೆದು ಸಹಿ ಹಾಕಿಸಿಕೊಳ್ಳಿ. ಎರಡು ನಿಮಿಷದ ಕೆಲಸ. ಸಹಿ ಕೇಳಿದ ಕೂಡಲೇ ಕೆಲವರು ಹೆದರಿ ಆಸ್ಪತ್ರೆಗೆ ಹೊರಡುತ್ತಾರೆ, ಅದಕ್ಕಿಂತ ಒಳ್ಳೆಯದು ಇನ್ನೇನಿದೆ!

ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರೋಗಿಗೆ ಕೆಟ್ಟದಾಯಿತು ಅಂದ ಮಾತ್ರಕ್ಕೆ ವೈದ್ಯ ಅಪರಾಧಿ ಆಗುವುದಿಲ್ಲ ಎಂದೂ 2005ರಲ್ಲಿ ಅದೇ ಕೋರ್ಟ್ ಹೇಳಿತು. ನಿಮ್ಮ ಜಾಗದಲ್ಲಿ ಸಾಧಾರಣ ಕೌಶಲ್ಯದ ಇನ್ನೊಬ್ಬ ವೈದ್ಯ ಏನು ಮಾಡುತ್ತಿದ್ದ ಅನ್ನುವುದೇ ಅಳತೆ. ಆದರೆ ನೀವು ಏನು ಮಾಡಿದಿರಿ ಅಂತ ಕೋರ್ಟಿಗೆ ಗೊತ್ತಾಗುವುದು ನಿಮ್ಮ ಕೈಬರಹದಿಂದಲೇ.

ಬಾಗಿಲಿಗೆ ಬಂದ ತುರ್ತು ರೋಗಿಗೆ ಮೊದಲು ದುಡ್ಡು ಕಟ್ಟಿ ಅನ್ನುವ ಹಾಗಿಲ್ಲ. ಕೆಪಿಎಂಇ ಕಾಯ್ದೆಯಲ್ಲೇ ಇದೆ. ಅಪಘಾತದ ಕೇಸು, ಪೊಲೀಸರು ಬರಲಿ ಅಂತ ಕಾಯುವಂತೆಯೂ ಇಲ್ಲ. ಜೀವ ಉಳಿಸುವುದೇ ಮೊದಲು ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದು. ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯಾಗಿ ಬರುತ್ತಾಳೆ. ತಾಯಿ ಕೈಮುಗಿದು "ಯಾರಿಗೂ ಹೇಳಬೇಡಿ" ಅನ್ನುತ್ತಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ, ತಿಳಿಸದಿದ್ದರೆ ಶಿಕ್ಷೆಯಿದೆ. ಮದುವೆಯಾಗಿದೆ ಅಂದರೂ ಇದು ಬದಲಾಗುವುದಿಲ್ಲ. ಆದರೆ ಗರ್ಭಪಾತಕ್ಕೆ ಬಂದಾಗ ಹುಡುಗಿ ಮತ್ತು ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಆ ತಾಯಿಗೆ ನಿಧಾನವಾಗಿ ವಿವರಿಸಿ. ಪೊಲೀಸರ ಹೆದರಿಕೆಯಿಂದ ಅವರು ನಕಲಿ ಡಾಕ್ಟರ ಹತ್ತಿರ ಹೋಗಿಬಿಟ್ಟರೆ ಹುಡುಗಿಯ ಪ್ರಾಣಕ್ಕೇ ಅಪಾಯ.

ನೀವು ಊರಲ್ಲಿಲ್ಲದ ದಿನ ಕಾಂಪೌಂಡರ್ ನಿಮ್ಮ ಚೀಟಿಯಲ್ಲಿ ಮಾತ್ರೆ ಬರೆದು ಇಂಜೆಕ್ಷನ್ ಕೊಡುವುದು ಬೇಡವೇ ಬೇಡ. ನೋಂದಣಿ ಇಲ್ಲದೆ ವೈದ್ಯಕೀಯ ಮಾಡಿದವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ. ಅವಕಾಶ ಮಾಡಿಕೊಟ್ಟ ನೀವು ಕೌನ್ಸಿಲ್ ಮುಂದೆ ನಿಲ್ಲಬೇಕಾಗುತ್ತದೆ.

ಈಗ ಯಾವುದು ಮೊದಲು ಅಂದರೆ, ಕಸ! ಬಳಸಿದ ಸೂಜಿಯನ್ನು ಕತ್ತರಿಸಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಸಿರಿಂಜ್ ಕೆಂಪಿಗೆ, ಗಾಜಿನ ಬಾಟಲಿ ನೀಲಿಗೆ. ವೈದ್ಯಕೀಯ ತ್ಯಾಜ್ಯದ 2016ರ ನಿಯಮದ ಪ್ರಕಾರ, ಹಲವು ಆಸ್ಪತ್ರೆಗಳ ಇಂಥ ಕಸವನ್ನು ಒಯ್ದು ವಿಲೇವಾರಿ ಮಾಡುವ ಸಾಮೂಹಿಕ ಘಟಕದ ಜೊತೆ ಮೊದಲು ಒಪ್ಪಂದ ಮಾಡಿಕೊಳ್ಳಿ. ಅದನ್ನು ಇಟ್ಟುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಗೆ ಹಾಕಿ. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಇದು ಒಂದೇ ಸಲ ಸಾಕು. ಅದು ಬಂದ ಮೇಲೆ ಕೆಪಿಎಂಇ ಅರ್ಜಿ ಹಾಕಿ. ಬೋರ್ಡ್ ಬರೆಸುವುದು ಆಮೇಲೆ.