ಗುರುತು ಸಿಗದ ಮುಖದಲ್ಲಿ ಬೇಸರ ಮಾತ್ರ ಹೇಗೆ ಕಾಣುತ್ತದೆ?

ಸ್ಟ್ರೋಕ್ ಆದ ಮೇಲೆ ಅಮ್ಮನಿಗೆ ನಿಮ್ಮ ಗುರುತು ಸಿಗುತ್ತಿಲ್ಲ, ಆದರೆ ನೀವು ಬೇಸರದಲ್ಲಿದ್ದರೆ ತಕ್ಷಣ ಗೊತ್ತಾಗುತ್ತದೆ, ಇದು ಹೇಗೆ ಅಂತ ಕೇಳಿದ್ದೀರಿ. ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು.

ನಮ್ಮದು ಉಡುಪಿ. ಅವರು ಆಸ್ಪತ್ರೆಯಿಂದ ಬಂದ ವಾರ ನೋಡಲು ಹೋಗಿದ್ದೆ. ಚಾವಡಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಕೂತುಕೊಳ್ಳಿ. ಯಾಕೆ, ಮುಖ ಸಪ್ಪೆ ಇದೆಯಲ್ಲ?" ಎಂದರು. ತಾವೇ ಎತ್ತಿ ಆಡಿಸಿದ ನನಗೆ "ಕೂತುಕೊಳ್ಳಿ"! ನನಗೆ ಗಂಟಲು ಕಟ್ಟಿತು. "ದೊಡ್ಡಮ್ಮ, ನಾನು" ಅಂದೆ, ಅಷ್ಟೇ. "ಓ, ನೀನಾ ಮಾರಾಯ! ಬಾ ಬಾ" ಅಂತ ಕೈ ಹಿಡಿದುಕೊಂಡರು.

ಅಂದರೆ ಅವರು ನನ್ನನ್ನು ಮರೆತಿರಲಿಲ್ಲ. ಮುಖದಿಂದ ನನ್ನ ನೆನಪಿಗೆ ಹೋಗುವ ದಾರಿ ಮಾತ್ರ ಕಡಿದಿತ್ತು. ಇದಕ್ಕೆ ಪ್ರೊಸೋಪಗ್ನೋಸಿಯಾ ಅಂತಾರೆ. 1947ರಲ್ಲಿ ಬೋಡಾಮರ್ ಎಂಬ ಜರ್ಮನ್ ವೈದ್ಯರು ಇಟ್ಟ ಹೆಸರು. ಮೆದುಳಿನ ಹಿಂಬದಿಯ ಕೆಳಭಾಗಕ್ಕೆ, ಜಾಸ್ತಿ ಬಲಗಡೆಗೆ, ಪೆಟ್ಟಾದಾಗ ಹೀಗಾಗುತ್ತದೆ.

"ಇದು ಯಾರು" ಮತ್ತು "ಇವರ ಮನಸ್ಸು ಹೇಗಿದೆ" ಅನ್ನುವುದು ಮೆದುಳಿಗೆ ಎರಡು ಬೇರೆ ಕೆಲಸ. ಬ್ರೂಸ್ ಮತ್ತು ಯಂಗ್ ಎಂಬ ಮನೋವಿಜ್ಞಾನಿಗಳು 1986ರಲ್ಲೇ ಇದನ್ನು ಹೇಳಿದ್ದರು. ಮೂಗು, ದವಡೆ, ಕಣ್ಣಿನ ಅಂತರ ದಿನದಿನಕ್ಕೆ ಬದಲಾಗುವುದಿಲ್ಲ, ಗುರುತು ಸಿಗುವುದು ಅದರಿಂದ. ಹುಬ್ಬು, ತುಟಿ, ನೋಟ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದನ್ನು ಗಮನಿಸುವ ಜಾಗ ಕಿವಿಯ ಮೇಲ್ಬದಿಗೆ ಹತ್ತಿರ ಇದೆ. ಇವೆರಡರ ನಡುವೆ ಕೊಂಡಿ ಇಲ್ಲವೇ ಇಲ್ಲ ಅಂತಲ್ಲ. ಆದರೆ ಒಂದು ಕೆಟ್ಟರೂ ಇನ್ನೊಂದು ಉಳಿಯಬಹುದು. ಇದರ ಉಲ್ಟಾ ಕೂಡ ಇದೆ: ಮೆದುಳಿನಲ್ಲಿ ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಎಂಬ ಭಾಗ ಹಾಳಾದ ಒಬ್ಬ ಮಹಿಳೆಗೆ ಪರಿಚಿತರ ಗುರುತು ಸಿಗುತ್ತಿತ್ತು, ಎದುರಿನವರ ಮುಖದ ಭಯ ಮಾತ್ರ ತಿಳಿಯುತ್ತಿರಲಿಲ್ಲ.

ಆಮೇಲೆ ಒಮ್ಮೆ ದೊಡ್ಡಮ್ಮನನ್ನು ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದೆವು. ಬಣ್ಣದ ವೇಷ ರಂಗಕ್ಕೆ ಬಂತು. ಮುಖದ ತುಂಬಾ ಅಕ್ಕಿ ಹಿಟ್ಟಿನ ಚುಟ್ಟಿ, ಯಾರ ಗುರುತೂ ಸಿಗುವಂತಿರಲಿಲ್ಲ. ಒಂದು ಸುತ್ತು ಕುಣಿದದ್ದೇ ತಡ, ದೊಡ್ಡಮ್ಮ ಕಲಾವಿದರ ಹೆಸರು ಹೇಳಿಬಿಟ್ಟರು. ಹೆಜ್ಜೆ ನೋಡಿಯೇ ಗುರುತು ಹಿಡಿದಿದ್ದರು!

ಹಾಗಾಗಿ ಅಮ್ಮನೆದುರು ನಿಂತು "ನಾನ್ಯಾರು ಹೇಳು" ಅಂತ ಪರೀಕ್ಷೆ ಮಾಡಬೇಡಿ. ಅವರಿಗೆ ತುಂಬಾ ನೋವಾಗುತ್ತದೆ. ನಿಮ್ಮ ದನಿ ಕೇಳಿದಾಗ ಗುರುತು ಸಿಗುತ್ತದಾ ಅಂತ ಗಮನಿಸಿ, ಅದನ್ನು ನರರೋಗ ವೈದ್ಯರಿಗೆ ಹೇಳಿ. ನಮ್ಮಲ್ಲಿ ಈಗ ಯಾರೇ ಬರಲಿ, ಮೆಟ್ಟಿಲ ಹತ್ತಿರವೇ ಹೆಸರು ಹೇಳಿ ಒಳಗೆ ಬರುತ್ತಾರೆ. ಮಕ್ಕಳೂ ಅಷ್ಟೇ.